ನಡುಗುವ ಕೈಗೆ ಯಾವ ಗುಳಿಗೆ?

ನಮ್ಮ ತಂದೆಯವರು ಗದಗ ಜಿಲ್ಲೆಯ ಒಂದು ಹಳ್ಳಿಯಲ್ಲಿ ಮೂವತ್ತನಾಲ್ಕು ವರ್ಷ ಕನ್ನಡ ಶಾಲೆಯ ಮಾಸ್ತರಿಕೆ ಮಾಡಿದವರು. ಅವರ ಅಕ್ಷರವೆಂದರೆ ಊರಿಗೇ ಮಾದರಿ. ಲಗ್ನಪತ್ರಿಕೆಯಿಂದ ಹಿಡಿದು ಹೊಲದ ವಾಟಣಿಪತ್ರದವರೆಗೆ ಏನು ಬರೆಯುವುದಿದ್ದರೂ ಜನ ಅವರ ಕಟ್ಟೆಗೇ ಬರುತ್ತಿದ್ದರು. ಅಂಥವರು 2021ರ ನವೆಂಬರಿನಲ್ಲಿ ಪಿಂಚಣಿಯ ಜೀವಂತ ಪ್ರಮಾಣಪತ್ರಕ್ಕೆ ಸಹಿ ಮಾಡಿದಾಗ ಬ್ಯಾಂಕಿನ ಹುಡುಗ ಅದನ್ನು ಎರಡು ಸಲ ನೋಡಿ ತಲೆಯಾಡಿಸಿದ. ಹೆಸರಿನ ಮೊದಲ ಅಕ್ಷರ ಕಡಲೆಕಾಳಿನಷ್ಟು, ನಡುವಿನವು ಜೋಳದ ಕಾಳಿನಷ್ಟು, ಕೊನೆಯದು ಸಾಸಿವೆಯಷ್ಟು. ಹಳೆಯ ಸಹಿಗೆ ತಾಳೆಯಾಗಲಿಲ್ಲ. "ಚಾಳೀಸು ಬದಲಿಸಬೇಕು" ಎಂದರು ತಂದೆಯವರು. ನಾವೂ ಹಾಗೆಯೇ ತಿಳಿದೆವು. ಕೈ ಆಗ ಇನ್ನೂ ನಡುಗುತ್ತಿರಲಿಲ್ಲ.

ನಡುಗಲು ತೊಡಗಿದ್ದು ಮುಂದಿನ ಯುಗಾದಿಯ ಹೊತ್ತಿಗೆ. ಬಲಗೈಯ ಹೆಬ್ಬೆರಳೂ ತೋರುಬೆರಳೂ ಕಾಣದ ಜಪಮಣಿಯನ್ನು ಎಣಿಸುವಂತೆ ಸುಮ್ಮನೆ ಕೂತಾಗಲೇ ಆಡುವವು; ಲೋಟ ಎತ್ತಿದೊಡನೆ ನಿಲ್ಲುವವು. ನಡೆಯುವಾಗ ಬಲಗೈ ಬೀಸುವುದು ನಿಂತಿತ್ತು. ಮುಖದಲ್ಲಿ ನಗೆ ಬರಲು ತಡವಾಗುತ್ತಿತ್ತು. "ನನ್ನ ಕೈ ನಾ ಹೇಳಿದ ಮಾತು ಕೇಳವಲ್ದು ತಮ್ಮಾ, ಸಾಲ್ಯಾಗಿನ ಹುಡುಗರಿಗಿಂತ ಕಡೀ ಆತು" ಎಂದು ಫೋನಿನಲ್ಲಿ ಹೇಳಿ ತಾವೇ ನಕ್ಕರು. ಆ ವರ್ಷವೇ ತಂದೆತಾಯಿಗಳಿಬ್ಬರನ್ನೂ ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆಗೆ ಕರೆತಂದೆವು.

ವಾಚಕರಿಗೆ ಮೊದಲೇ ಒಂದು ಮಾತು ಅರಿಕೆ ಮಾಡಿಕೊಳ್ಳಬೇಕು. ನಾವು ವೈದ್ಯರಲ್ಲ. ಸರಕಾರಿ ಕಛೇರಿಯಲ್ಲಿ ಕಡತ ಕಟ್ಟುವ ಗುಮಾಸ್ತರು, ಓದಿದ್ದು ಬಿ.ಎ., ಅದೂ ಇತಿಹಾಸ. ಆದರೆ ನಮ್ಮ ಸಂಘದ ಸದಸ್ಯರ ಮನೆಗಳಲ್ಲಿಯೇ ಈ ಕಾಯಿಲೆಯವರು ನಾಲ್ಕು ಜನ ಇದ್ದಾರೆ. ಕೂಟ ಸೇರಿದಾಗಲೆಲ್ಲ ಒಬ್ಬರ ಗುಳಿಗೆಯನ್ನು ಇನ್ನೊಬ್ಬರು ಕೇಳುವುದು, ಹೋಲಿಸುವುದು ನಡೆದೇ ಇದೆ. ಆ ಹೋಲಿಕೆಯಿಂದ ನಮ್ಮ ಮನೆಯಲ್ಲಿ ಒಂದು ಅನಾಹುತವಾಯಿತು. ಅದನ್ನು ಹೇಳಲೆಂದೇ ಈ ಲೇಖನ.

ಕಾಯಿಲೆಯ ಹೆಸರು ಪಾರ್ಕಿನ್‌ಸನ್. 1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್‌ಸನ್ ಎಂಬ ವೈದ್ಯ ಆರು ಮಂದಿ ರೋಗಿಗಳ ಲಕ್ಷಣಗಳನ್ನು ಒಂದು ಚಿಕ್ಕ ಪುಸ್ತಕದಲ್ಲಿ ಬರೆದ. ಅವರಲ್ಲಿ ಕೆಲವರನ್ನು ಅವನು ಕಂಡದ್ದು ಬೀದಿಯಲ್ಲಿ ನಡೆದು ಹೋಗುವಾಗ. ನಮ್ಮ ಆಯುರ್ವೇದದವರು ಕಂಪವಾತವೆಂದು ಕರೆಯುವುದು ಇದನ್ನೇ ಬಹುಮಟ್ಟಿಗೆ ಹೋಲುತ್ತದೆ. ಮೆದುಳಿನ ತಳಭಾಗದಲ್ಲಿ ಡೋಪಮೈನ್ ಎಂಬ ರಸವನ್ನು ಹುಟ್ಟಿಸುವ ಕಣಗಳು ಒಂದೊಂದಾಗಿ ಕರಗುತ್ತ ಹೋಗುವುದು ಇದರ ಮೂಲ. ಆ ರಸ ಕಡಿಮೆಯಾದಂತೆ ಚಲನೆ ನಿಧಾನವಾಗುತ್ತದೆ, ಮೈ ಬಿಗಿಯುತ್ತದೆ, ಕೈ ನಡುಗುತ್ತದೆ, ಅಕ್ಷರ ಸಣ್ಣದಾಗುತ್ತದೆ. ಕರಗುವುದನ್ನು ನಿಲ್ಲಿಸುವ ಔಷಧಿ ಇಂದಿಗೂ ಇಲ್ಲ. ಇರುವ ಔಷಧಿಗಳೆಲ್ಲ ಆ ಕೊರತೆಯನ್ನು ತುಂಬುವ, ಇಲ್ಲವೆ ಮುಚ್ಚುವ ಉಪಾಯಗಳು. ಪ್ರತಿಯೊಂದು ಉಪಾಯಕ್ಕೂ ಅದರದೇ ಸುಂಕ ಉಂಟು.

ತಂದೆಯವರಿಗೆ ಊರ ಕಡೆಯ ವೈದ್ಯರೊಬ್ಬರು ಮೊದಲು ಕೊಟ್ಟದ್ದು ಟ್ರೈಹೆಕ್ಸಿಫೆನಿಡಿಲ್. ಪ್ಯಾಸಿಟೇನ್ ಎಂದರೆ ಹೆಚ್ಚು ಜನಕ್ಕೆ ತಿಳಿದೀತು. ಇದು ಡೋಪಮೈನನ್ನು ಹೆಚ್ಚಿಸುವುದಿಲ್ಲ. ತಕ್ಕಡಿಯ ಒಂದು ತಟ್ಟೆ ಹಗುರಾದಾಗ ಇನ್ನೊಂದರಿಂದಲೂ ಸ್ವಲ್ಪ ತೆಗೆದು ಸಮ ಮಾಡಿದ ಹಾಗೆ. ನಡುಕಕ್ಕೆ ಒಳ್ಳೆಯದು, ಅಗ್ಗ, ಬಹಳ ಹಳೆಯ ಔಷಧಿ. ಪ್ರಾಯದವರಿಗೆ ಒಗ್ಗಲೂಬಹುದು. ಆದರೆ ಅರವತ್ತೇಳರ ತಂದೆಯವರಿಗೆ ಬಾಯಿ ಒಣಗಿ ರೊಟ್ಟಿ ಇಳಿಯದಾಯಿತು, ಮಲಬದ್ಧತೆ ಹೆಚ್ಚಿತು, ಮೂತ್ರ ಕಟ್ಟಿತು. ಅದಕ್ಕಿಂತ ಹೆಚ್ಚಿನದು ಮರೆವು. ಮಗ್ಗಿಯನ್ನು ಇಪ್ಪತ್ತೊಂಬತ್ತರವರೆಗೆ ಒಪ್ಪಿಸುತ್ತಿದ್ದವರು ನಮ್ಮ ಮಗಳನ್ನು ತೀರಿಹೋದ ತಮ್ಮ ತಂಗಿಯ ಹೆಸರಿನಿಂದ ಕರೆಯತೊಡಗಿದರು. ನಾವು ಇದನ್ನು ವಯಸ್ಸಿನ ಮರೆವು ಎಂದುಕೊಂಡು ಕಣ್ಣೊರೆಸಿಕೊಂಡೆವು. ಮುಂಬಯಿಯ ನರರೋಗ ವೈದ್ಯೆ ಚೀಟಿ ನೋಡಿದೊಡನೆ, "ಮರೆವು ಇವರದಲ್ಲ, ಗುಳಿಗೆಯದು ಇರಬಹುದು" ಎಂದು ಅದನ್ನು ವಾರವಾರಕ್ಕೆ ಸ್ವಲ್ಪಸ್ವಲ್ಪವಾಗಿ ಇಳಿಸಿದರು. ಒಂದೂವರೆ ತಿಂಗಳಿಗೆ ತಂಗಿಯ ಹೆಸರು ನಿಂತಿತು. ವಯಸ್ಸಾದವರಿಗೆ ಈ ಜಾತಿಯ ಔಷಧಿಯನ್ನು ವೈದ್ಯರು ಈಗ ಆದಷ್ಟು ದೂರ ಇಡುತ್ತಾರೆ.

ಆಮೇಲೆ ಬಂದದ್ದು ಲೆವೊಡೋಪಾ. ಈ ಕಾಯಿಲೆಯ ಔಷಧಿಗಳಲ್ಲಿ ಹಿರಿಯಣ್ಣ ಇದೇ. ಇದರ ಹಿಂದೆ ನಮ್ಮ ಗಿಡಮೂಲಿಕೆಯ ಕಥೆಯೊಂದುಂಟು. ಸರ್ಪಗಂಧಿಯ ಬೇರಿನಿಂದ ತೆಗೆದ ರಿಸರ್ಪಿನ್ ಎಂಬುದು ರಕ್ತದೊತ್ತಡಕ್ಕೆ ಮದ್ದಾಗಿತ್ತು. ಅದನ್ನು ಮೊಲಗಳಿಗೆ ಚುಚ್ಚಿದರೆ ಅವು ಪಾರ್ಕಿನ್‌ಸನ್ ರೋಗಿಗಳಂತೆ ಮರಗಟ್ಟಿ ಕೂರುತ್ತಿದ್ದವು. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಅಂಥ ಮೊಲಗಳಿಗೆ ಡೋಪಾ ಕೊಟ್ಟ. ಅವು ಎದ್ದು ಓಡಾಡಿದವು. 2000ದಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಬಂತು. 1961ರಲ್ಲಿ ವಿಯೆನ್ನಾದಲ್ಲಿ ರೋಗಿಗಳಿಗೆ ಇದನ್ನು ರಕ್ತನಾಳದ ಮೂಲಕ ಕೊಟ್ಟು ನೋಡಿದರು. 1967ರಲ್ಲಿ ನ್ಯೂಯಾರ್ಕ್ ಸೀಮೆಯಲ್ಲಿ ಕೋಟ್ಸಿಯಾಸ್ ಎಂಬವರು ಬಾಯಿಯ ಮೂಲಕ ಮೆಲ್ಲಮೆಲ್ಲಗೆ ಪ್ರಮಾಣ ಏರಿಸಿ ಗೆದ್ದರು. ಆದರೆ ದಿನಕ್ಕೆ ಗ್ರಾಂಗಟ್ಟಲೆ ನುಂಗಬೇಕು, ವಾಂತಿಯೋ ವಾಂತಿ.

ಏಕೆ ಎಂಬುದನ್ನು ನಮ್ಮ ಕಛೇರಿಯ ಭಾಷೆಯಲ್ಲಿ ಹೇಳುತ್ತೇವೆ. ಮೆದುಳಿಗೆ ಒಂದು ಹೆಬ್ಬಾಗಿಲುಂಟು. ಬಂದವರನ್ನೆಲ್ಲ ಅದು ಒಳಕ್ಕೆ ಬಿಡುವುದಿಲ್ಲ. ಡೋಪಮೈನನ್ನೇ ನುಂಗಿದರೆ ಅದು ಬಾಗಿಲ ಹೊರಗೇ ಉಳಿಯುತ್ತದೆ. ಲೆವೊಡೋಪಾಕ್ಕೆ ಮಾತ್ರ ಒಳಹೋಗುವ ಪಾಸು ಉಂಟು; ಒಳಹೋದ ಮೇಲೆ ಅದು ಡೋಪಮೈನ್ ಆಗುತ್ತದೆ. ತೊಡಕೇನೆಂದರೆ ಅದರ ಬಹುಭಾಗ ಬಾಗಿಲು ತಲಪುವ ಮೊದಲೇ, ಕರುಳಿನಲ್ಲಿ, ರಕ್ತದಲ್ಲಿ, ಡೋಪಮೈನ್ ಆಗಿಬಿಡುತ್ತದೆ. ವಾಕರಿಕೆ ಬರುವುದು ಅದರಿಂದ. ಇದನ್ನು ತಡೆಯಲು ಕಾರ್ಬಿಡೋಪಾ ಎಂಬ ಜವಾನನನ್ನು ಜೊತೆಗೆ ಕಳಿಸುತ್ತಾರೆ. ಅವನು ಬಾಗಿಲವರೆಗೆ ಕಾವಲು ಹೋಗುತ್ತಾನೆ, ತಾನು ಒಳಗೆ ಹೋಗುವುದಿಲ್ಲ. ಈ ಜೋಡಿಗುಳಿಗೆ ಅಮೇರಿಕೆಯಲ್ಲಿ 1975ರಲ್ಲಿ ಮಾರಾಟಕ್ಕೆ ಬಂತು. ನಮ್ಮಲ್ಲಿ ಸಿಂಡೋಪಾ ಎಂಬ ಹೆಸರಿನಲ್ಲಿ ಹೆಚ್ಚು ಪರಿಚಿತ.

ಈಗ ಒಂದು ಲೆಕ್ಕ. ಅನಾಹುತದ ಬೀಜ ಇರುವುದು ಇಲ್ಲಿಯೇ. ಚೀಟಿಯಲ್ಲಿ 110 ಎಂದಿದ್ದರೆ 100 ಮಿಲಿಗ್ರಾಂ ಲೆವೊಡೋಪಾ, 10 ಕಾರ್ಬಿಡೋಪಾ. 125 ಎಂದಿದ್ದರೆ ಅದೇ 100 ಲೆವೊಡೋಪಾ, 25 ಕಾರ್ಬಿಡೋಪಾ. ಅಂದರೆ ಎರಡರಲ್ಲೂ ಸರದಾರ ಒಬ್ಬನೇ, ಹೆಚ್ಚಿರುವುದು ಕಾವಲು ಮಾತ್ರ. 275ರಲ್ಲಿ 250ಕ್ಕೆ 25. ಕಾವಲು ಸರಿಯಾಗಿ ನಡೆಯಬೇಕಾದರೆ ದಿನಕ್ಕೆ 70ರಿಂದ 100 ಮಿಲಿಗ್ರಾಂ ಕಾರ್ಬಿಡೋಪಾ ಬೇಕೆಂದು ಹೇಳುತ್ತಾರೆ. ತಂದೆಯವರು ಮೊದಲು 110ನ್ನು ಮೂರು ಹೊತ್ತು ತೆಗೆದುಕೊಂಡು ದಿನವೂ ವಾಂತಿ ಮಾಡಿಕೊಂಡರು: ಮೂರು ಸೇರಿ 30 ಮಾತ್ರ ಕಾವಲು. ವೈದ್ಯೆ ಅದನ್ನು 125ಕ್ಕೆ ಬದಲಿಸಿದರು. ಕಾವಲು 75 ಆಯಿತು. ವಾಂತಿ ವಾರದೊಳಗೆ ನಿಂತಿತು. ಹೆಸರಿನಲ್ಲಿ ದೊಡ್ಡದು, ಹೊಟ್ಟೆಗೆ ಹಗುರು!

2023ರ ರಾಜ್ಯೋತ್ಸವ ಕಾರ್ಯಕ್ರಮವನ್ನು ಸಂಘ ಎಂದಿನಂತೆ ನವೆಂಬರಿನ ಕೊನೆಯ ಭಾನುವಾರ ಇಟ್ಟುಕೊಂಡಿತ್ತು. ಹುಡುಗಿಯರ ಕೋಲಾಟ ಮುಗಿದು ಉಪ್ಪಿಟ್ಟು-ಶಿರಾ ಹಂಚುವ ಹೊತ್ತಿನಲ್ಲಿ ಹಿರಿಯರ ಸಾಲಿನಲ್ಲಿ ಗುಳಿಗೆಯ ಸಭೆ ಕೂಡಿತು. ಮೈಸೂರಿನ ಕಡೆಯ ತಾಯಿಯೊಬ್ಬರು, "ನಮ್ಮ ಯಜಮಾನರದ್ದು ನೂರಾಹತ್ತೇ" ಎಂದರು. ಉಡುಪಿಯ ಕಡೆಯವರು, ಮೊದಲು ಹೋಟೆಲು ನಡೆಸುತ್ತಿದ್ದ ಹಿರಿಯರು, "ನಂದು ಅರ್ಧ ಮಿಲಿಗ್ರಾಂ ಅಷ್ಟೇ ಮಾರಾಯ್ರೆ! ಮಾಸ್ಟ್ರೇ, ನಿಮ್ಮದೆಷ್ಟು?" ಎಂದು ಕೇಳಿದರು. ತಂದೆಯವರು "ನೂರಾ ಇಪ್ಪತ್ತೈದು, ಮೂರು ಹೊತ್ತು" ಎನ್ನಲು ಎಲ್ಲರೂ ಒಂದು ಗಳಿಗೆ ಸುಮ್ಮನಾದರಂತೆ. ಆ ಮೌನ ಸಾಕಾಯಿತು. ತಮಗೇ ಎಲ್ಲರಿಗಿಂತ ಹೆಚ್ಚು ಎಂದಾಯಿತಲ್ಲ! ಹೋಟೆಲಿನ ಹಿರಿಯರದು ಪ್ರಾಮಿಪೆಕ್ಸೋಲ್; ಅದು ಬೇರೆಯೇ ಜಾತಿ, ಅದರ ತೂಕವೇ ಬೇರೆ. ಗೋಧಿಯ ಚೀಲವನ್ನೂ ಕೇಸರಿಯ ಎಸಳನ್ನೂ ತಕ್ಕಡಿಯಲ್ಲಿಟ್ಟು ಯಾವುದು ಹೆಚ್ಚು ಎಂದು ಕೇಳಿದಂತೆ.

ಇದಕ್ಕೆ ಮೂಲ ನಾವೇ. ಲೆವೊಡೋಪಾ ಐದು ವರ್ಷ ಕೆಲಸ ಮಾಡಿ ಆಮೇಲೆ ಕೈಕೊಡುತ್ತದೆ ಎಂದು ಎಲ್ಲಿಯೋ ಓದಿ, ನಮ್ಮ ಬಿ.ಎ. ಪಾಂಡಿತ್ಯವನ್ನು ಊಟದ ತಟ್ಟೆಯ ಮುಂದೆ ಪ್ರದರ್ಶಿಸಿದ್ದೆವು: "ಅಪ್ಪಾ, ಇದನ್ನ ಆದಷ್ಟು ಕಡಿಮಿ ತಗೋಬೇಕಂತ, ಮುಂದಕ್ಕ ಬೇಕಾಗ್ತೈತಿ." ಶಾಲಾ ಮಾಸ್ತರರಿಗೆ ಉಳಿತಾಯದ ಪಾಠ ಹೇಳಬೇಕೇ? ಸಭೆಯ ಮರುದಿನದಿಂದ ಮಧ್ಯಾಹ್ನದ ಗುಳಿಗೆ ಬಾಯಿಗೆ ಹೋಗದೆ ಅಂಗಿಯ ಕಿಸೆಗೆ, ಅಲ್ಲಿಂದ ಹಳೆಯ ಅಡಕಿಡಬ್ಬಿಗೆ ಹೋಗತೊಡಗಿತು. ನಮ್ಮ ತಾಯಿಯವರಿಗೂ ತಿಳಿಯಲಿಲ್ಲ.

ಡಿಸೆಂಬರಿನ ಮೂರನೆಯ ವಾರ, ಸಂಜೆ ನಾಲ್ಕರ ಸುಮಾರಿಗೆ, ಕಛೇರಿಗೆ ನಮ್ಮ ಮನೆಯವರ ಫೋನು ಬಂತು. ಬಚ್ಚಲ ಹೊಸ್ತಿಲಲ್ಲಿ ಕಾಲು ನೆಲಕ್ಕೆ ಅಂಟಿದಂತಾಗಿ, ಮೈ ಮಾತ್ರ ಮುಂದೆ ಹೋಗಿ ತಂದೆಯವರು ಬಿದ್ದಿದ್ದರು. ಹುಬ್ಬಿನ ಮೇಲೆ ಆರು ಹೊಲಿಗೆ, ಎಡ ಮಣಿಕಟ್ಟಿನಲ್ಲಿ ಸಣ್ಣ ಬಿರುಕು. ಮುಂಬಯಿಯಿಂದ ಡೊಂಬಿವಲಿಗೆ ಲೋಕಲ್ ಗಾಡಿ ಒಂದು ಗಂಟೆಗೂ ಮಿಕ್ಕಿ ತೆಗೆದುಕೊಳ್ಳುತ್ತದೆಂಬುದು ನಮಗೆ ಹೊಸತಲ್ಲ. ಆದರೆ ಆ ದಿನದ ಪ್ರಯಾಣ ಬೇರೆ. ನಡುವೆ ತಾಯಿಯವರು ಅಂಗಿ ಬದಲಿಸಲು ಹೋಗಿ ಅಡಕಿಡಬ್ಬಿಯನ್ನು ತೆರೆದಿದ್ದರು. ಇಪ್ಪತ್ಮೂರು ಗುಳಿಗೆಗಳು. ನಾವು ಮನೆ ಮುಟ್ಟಿದಾಗ ಅವನ್ನು ಸೆರಗಿನಲ್ಲಿ ಹಿಡಿದುಕೊಂಡೇ ಕೂತಿದ್ದರು.

ಅಷ್ಟಕ್ಕೇ ಮುಗಿಯಲಿಲ್ಲ. ಹತ್ತಿರದ ಒಂದು ನರ್ಸಿಂಗ್ ಹೋಮಿನಲ್ಲಿ ನೋವಿನ ಔಷಧಿಯಿಂದ ವಾಂತಿ ಬರಲು, ವಾಂತಿ ನಿಲ್ಲುವುದಕ್ಕೆ ಒಂದು ಇಂಜೆಕ್ಷನ್ ಕೊಟ್ಟರು. ಮರುದಿನ ಬೆಳಗಿಗೆ ತಂದೆಯವರು ಕಟ್ಟಿಗೆಯಾಗಿದ್ದರು. ಕಣ್ಣು ಮಾತ್ರ ಆಡುತ್ತಿದ್ದವು. ಆ ಇಂಜೆಕ್ಷನ್ ಮೆಟೊಕ್ಲೋಪ್ರಮೈಡ್. ಅದು ವಾಂತಿ ನಿಲ್ಲಿಸುವುದು ಡೋಪಮೈನಿನ ಬಾಗಿಲಿಗೆ ಅಗಳಿ ಹಾಕಿ. ನಾವು ಬರೆಸಿದ ಕಾಗದದಲ್ಲಿ ಸಕ್ಕರೆ ಇಲ್ಲ, ಬಿ.ಪಿ. ಇಲ್ಲ ಎಂದು ಹೇಳಿದ್ದೆವು. ಪಾರ್ಕಿನ್‌ಸನ್ ಎಂದು ಹೇಳಲು ಗಾಬರಿಯಲ್ಲಿ ಮರೆತಿದ್ದೆವು. ಇಂಥ ಮನೆಗಳವರು ಈ ಕೆಲವು ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದು ರೋಗಿಯ ಕಿಸೆಯಲ್ಲಿಡಬೇಕೆಂದು ನಮ್ಮ ಪ್ರಾರ್ಥನೆ: ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ಪ್ರೊಕ್ಲೋರ್‌ಪೆರಜೀನ್, ತಲೆ ತಿರುಗುವುದಕ್ಕೆ ಕೊಡುವ ಸಿನ್ನರಿಜೀನ್, ಫ್ಲುನರಿಜೀನ್, ಚಿತ್ತಭ್ರಮೆಗೆ ಕೊಡುವ ಹ್ಯಾಲೊಪೆರಿಡಾಲ್. ಇವು ಕಾಯಿಲೆಯನ್ನು ಹೆಚ್ಚಿಸುತ್ತವೆ. ಕಾಯಿಲೆ ಇಲ್ಲದವರಿಗೂ ಅದರ ವೇಷ ತೊಡಿಸಬಲ್ಲವು. ಎಷ್ಟೋ ಮನೆಗಳಲ್ಲಿ ಅಜ್ಜಿಯಂದಿರು ತಲೆ ತಿರುಗುವ ಗುಳಿಗೆಯನ್ನು ತಿಂಗಳುಗಟ್ಟಲೆ ಔಷಧಿ ಅಂಗಡಿಯಿಂದ ತಾವೇ ತರಿಸಿ ನುಂಗುತ್ತಾರೆ. ವಾಂತಿಗೆ ಡೊಂಪೆರಿಡೋನ್ ನಡೆಯುತ್ತದೆ, ಹೃದಯದ ತೊಂದರೆ ಇದ್ದವರು ಅದನ್ನೂ ಕೇಳಿಕೊಂಡೇ ತೆಗೆದುಕೊಳ್ಳಬೇಕು.

ನಾಲ್ಕನೆಯ ದಿನ ನರರೋಗ ವೈದ್ಯೆಯ ಎದುರಿಗೆ ನಾವು ತಪ್ಪಿತಸ್ಥರಂತೆ ಕೂತೆವು. ಅವರು ಬೈಯಲಿಲ್ಲ. ಲೆವೊಡೋಪಾವನ್ನು ಒಮ್ಮೆಲೆ ನಿಲ್ಲಿಸಿದ್ದರೆ ಜ್ವರವೇರಿ ಮೈ ಸೆಡೆದು ಪ್ರಾಣಕ್ಕೇ ಬರಬಹುದಿತ್ತು, ಮಧ್ಯಾಹ್ನದ್ದಷ್ಟೇ ಬಿಟ್ಟದ್ದು ನಿಮ್ಮ ಪುಣ್ಯ ಎಂದರು. ಆಮೇಲೆ ನಮ್ಮ ಐದು ವರ್ಷದ ಪಾಂಡಿತ್ಯವನ್ನು ತಿದ್ದಿದರು. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ಘಾನಾ ದೇಶದ ರೋಗಿಗಳನ್ನು ಇಟಲಿಯವರೊಂದಿಗೆ ಹೋಲಿಸಿ ನೋಡಿತಂತೆ. ಘಾನಾದ ಬಡಜನಕ್ಕೆ ಲೆವೊಡೋಪಾ ಸಿಕ್ಕಿದ್ದು ಕಾಯಿಲೆ ಬಂದು ಸರಾಸರಿ ನಾಲ್ಕು ವರ್ಷಗಳ ಮೇಲೆ, ಇಟಲಿಯವರಿಗೆ ಎರಡೂವರೆ ವರ್ಷದೊಳಗೆ. ಔಷಧಿಯ ಪರಿಣಾಮ ಏರಿಳಿಯುವುದು, ಮೈ ತಾನಾಗಿ ಹೊಯ್ದಾಡುವುದು ಇವು ಔಷಧಿಯ ವಯಸ್ಸನ್ನು ಅನುಸರಿಸಿ ಬರುವುದಾದರೆ ಘಾನಾದವರಿಗೆ ತಡವಾಗಿ ಬರಬೇಕಿತ್ತು. ಬರಲಿಲ್ಲ, ಕಾಯಿಲೆಯ ವಯಸ್ಸಿಗೆ ಸರಿಯಾಗಿ ಎರಡೂ ದೇಶಗಳಲ್ಲಿ ಒಂದೇ ಕಾಲಕ್ಕೆ ಬಂದವು. ತಡಮಾಡಿದವರು ಗಳಿಸಿದ್ದೇನೂ ಇಲ್ಲ, ಕಳೆದುಕೊಂಡದ್ದು ಅಷ್ಟು ವರ್ಷಗಳ ನಡಿಗೆ. 2019ರಲ್ಲಿ ನೆದರ್‌ಲ್ಯಾಂಡಿನವರು 445 ರೋಗಿಗಳಲ್ಲಿ ಅರ್ಧ ಜನಕ್ಕೆ ಲೆವೊಡೋಪಾವನ್ನು ಕೂಡಲೇ, ಉಳಿದವರಿಗೆ 40 ವಾರ ತಡಮಾಡಿ ಕೊಟ್ಟು ನೋಡಿದರು. 80 ವಾರಗಳ ಕೊನೆಗೆ ಎರಡು ಗುಂಪಿಗೂ ಭೇದವಿರಲಿಲ್ಲ. ಬೇಗ ಕೊಟ್ಟುದರಿಂದ ಕಾಯಿಲೆ ನಿಧಾನವಾಗಲಿಲ್ಲ, ಕೆಡಲೂ ಇಲ್ಲ. ಔಷಧಿಯನ್ನು ಅಡಕಿಡಬ್ಬಿಯಲ್ಲಿ ಕೂಡಿಟ್ಟರೆ ಬಡ್ಡಿ ಹುಟ್ಟುವುದಿಲ್ಲ ಎಂದಾಯಿತು.

ಹಾಗೆಂದು ಲೆವೊಡೋಪಾ ಸಾಧುವೇನಲ್ಲ. ರಕ್ತದಲ್ಲಿ ಅದರ ಬಲ ಸುಮಾರು ಒಂದೂವರೆ ಗಂಟೆಗೆ ಅರ್ಧಕ್ಕಿಳಿಯುತ್ತದೆ. ಮೊದಮೊದಲು ಮೆದುಳೇ ಸ್ವಲ್ಪ ಕೂಡಿಟ್ಟು ಸಂಭಾಳಿಸುತ್ತದೆ. ವರ್ಷ ಕಳೆದಂತೆ ಆ ಉಗ್ರಾಣ ಬರಿದಾಗಿ, ಗುಳಿಗೆ ಇಳಿದ ಕೂಡಲೇ ಮೈಯೂ ಇಳಿಯುತ್ತದೆ. ಎದ್ದು ನಿಂತಾಗ ರಕ್ತದೊತ್ತಡ ಕುಸಿದು ಕಣ್ಣು ಕತ್ತಲಿಡುತ್ತದೆ. ಕನಸುಗಳು ಬಣ್ಣ ತಳೆಯುತ್ತವೆ.

ಹೋಟೆಲಿನ ಹಿರಿಯರ ಅರ್ಧ ಮಿಲಿಗ್ರಾಮಿನ ಕಥೆಯನ್ನು ಅವರ ಮಗನ ಒಪ್ಪಿಗೆಯಿಂದಲೇ ಬರೆಯುತ್ತಿದ್ದೇವೆ. ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಮುಂತಾದವು ಡೋಪಮೈನ್ ಆಗುವುದಿಲ್ಲ. ಸಾಹೇಬರು ರಜೆಯಲ್ಲಿದ್ದಾಗ ಅವರ ಕುರ್ಚಿಯಲ್ಲಿ ಕೂತು ಸಹಿ ಮಾಡುವ ಪ್ರಭಾರಿ ಅಧಿಕಾರಿಗಳಂತೆ. ಹೆಚ್ಚು ಹೊತ್ತು ಕೂರುತ್ತಾರೆ, ಮೈ ಹೊಯ್ದಾಟ ಕಡಿಮೆ. ಚಿಕ್ಕ ವಯಸ್ಸಿನ ರೋಗಿಗಳಿಗೆ ಇದನ್ನೇ ಮೊದಲು ಕೊಡುವುದೂ ಉಂಟು. ಆದರೆ ಪ್ರಭಾರಿಗಳು ತಮ್ಮದಲ್ಲದ ಕಡತಕ್ಕೂ ಸಹಿ ಹಾಕುತ್ತಾರಲ್ಲ! ಕಾಲು ಬಾತುಕೊಳ್ಳುವುದು, ಇಲ್ಲದವರು ಕಣ್ಣಿಗೆ ಕಾಣುವುದು, ತುತ್ತು ಕೈಯಲ್ಲಿರುವಾಗಲೇ ನಿದ್ದೆ ಬಡಿಯುವುದು. ವಾಹನ ನಡೆಸುವವರಿಗೆ ಇದು ಬಹಳ ಅಪಾಯ.

ಇವೆಲ್ಲಕ್ಕಿಂತ ಗುಟ್ಟಿನದು ಇನ್ನೊಂದು. ಜೀವಮಾನದಲ್ಲಿ ಲೆಕ್ಕವಿಲ್ಲದೆ ಒಂದು ಚಮಚ ಸಕ್ಕರೆ ಹಾಕದ ಆ ಹಿರಿಯರು ದಿನಾ ಲಾಟರಿ ಟಿಕೇಟು ಕೊಳ್ಳತೊಡಗಿದರು. ಆಮೇಲೆ ಫೋನಿನಲ್ಲಿ ಪಾತ್ರೆ ತರಿಸುವ ಹುಚ್ಚು ಹಿಡಿಯಿತು. ಹೋಟೆಲು ಮಾರಿ ಎಂಟು ವರ್ಷವಾಗಿತ್ತು. ಮನೆಗೆ ಇಡ್ಲಿ ಅಟ್ಟಗಳು ಬರತೊಡಗಿದವು, ಮೂರು ಗ್ರೈಂಡರ್ ಬಂದವು. ರಾತ್ರಿ ಎರಡು ಗಂಟೆಗೆ ಎದ್ದು ಅವನ್ನು ಒರೆಸುತ್ತ ಕೂರುವರು. ಮನೆಯವರು ಇದನ್ನು ನಾಚಿಕೆಯಿಂದ ಮುಚ್ಚಿಟ್ಟರು. ಮುದಿ ವಯಸ್ಸಿನ ಹುಚ್ಚೆಂದು ಮಗ ಜಗಳವಾಡಿದ. ಅದು ಔಷಧಿಯ ಪರಿಣಾಮವೆಂದು ಯಾರಿಗೆ ಹೊಳೆಯಬೇಕು? ಅಮೇರಿಕೆ, ಕೆನಡಾಗಳಲ್ಲಿ 3,090 ರೋಗಿಗಳನ್ನು ವಿಚಾರಿಸಿ 2010ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಈ ಪ್ರಭಾರಿ ಔಷಧಿ ತೆಗೆದುಕೊಳ್ಳುವವರಲ್ಲಿ ಶೇ. 17 ಜನಕ್ಕೆ ಜೂಜು, ಖರೀದಿ, ತಿನ್ನುವುದು, ಕಾಮ ಈ ನಾಲ್ಕರಲ್ಲಿ ಒಂದರ ಹಿಡಿತ ತಪ್ಪಿತ್ತು, ತೆಗೆದುಕೊಳ್ಳದವರಲ್ಲಿ ಶೇ. 7. ಕೊನೆಗೆ ಮಗ ವೈದ್ಯರಲ್ಲಿ ಬಾಯಿಬಿಟ್ಟ ಮೇಲೆ ಪ್ರಮಾಣವನ್ನು ನಿಧಾನವಾಗಿ ಇಳಿಸಿ ಲೆವೊಡೋಪಾ ಸೇರಿಸಿದರು. ಒಮ್ಮೆಲೆ ನಿಲ್ಲಿಸಿದರೆ ಇದಕ್ಕೂ ಬೇಗುದಿ, ಖಿನ್ನತೆ ಉಂಟು. ಈಗ ಲಾಟರಿ ನಿಂತಿದೆ. ಆ ಗ್ರೈಂಡರುಗಳಲ್ಲೊಂದು ನಮ್ಮ ಸಂಘದ ಅಡಿಗೆಕೋಣೆಯಲ್ಲಿದೆ.

ಯಾವುದು ಮೇಲು ಎಂದು ನೇರವಾಗಿಯೇ ಕೇಳುವವರಿಗೆ ಇಂಗ್ಲೆಂಡಿನ ಒಂದು ದೊಡ್ಡ ಪ್ರಯೋಗ ಉತ್ತರವಿತ್ತಿದೆ. 1,620 ಹೊಸ ರೋಗಿಗಳನ್ನು ಮೂರು ಪಂಗಡ ಮಾಡಿ ವರ್ಷಗಟ್ಟಲೆ ನೋಡಿದರು. 2014ರಲ್ಲಿ ಫಲ ಪ್ರಕಟವಾಯಿತು. ಅಡ್ಡಪರಿಣಾಮ ತಾಳಲಾರದೆ ಔಷಧಿ ಬಿಟ್ಟವರು ಪ್ರಭಾರಿಗಳ ಪಂಗಡದಲ್ಲಿ ಶೇ. 28, ಡೋಪಮೈನ್ ಬೇಗ ಹಾಳಾಗದಂತೆ ತಡೆಯುವ ಔಷಧಿಗಳ ಪಂಗಡದಲ್ಲಿ ಶೇ. 23, ಲೆವೊಡೋಪಾದಲ್ಲಿ ಶೇ. 2. ದಿನನಿತ್ಯದ ಓಡಾಟದಲ್ಲಿಯೂ ಲೆವೊಡೋಪಾದವರೇ ತುಸು ಮುಂದೆ. ಮೈ ಹೊಯ್ದಾಟ ಮಾತ್ರ ಅವರಿಗೇ ಸ್ವಲ್ಪ ಹೆಚ್ಚು.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇವೆ. ರಸಾಜಿಲಿನ್ ದಿನಕ್ಕೊಂದೇ ಗುಳಿಗೆ, ಸೌಮ್ಯ. ಆದರೆ ಟ್ರಮಡಾಲ್ ಎಂಬ ನೋವಿನ ಗುಳಿಗೆಗೂ, ಡೆಕ್ಸ್ಟ್ರೊಮೆಥಾರ್ಫನ್ ಇರುವ ಕೆಮ್ಮಿನ ಔಷಧಿಗೂ ಅದಕ್ಕೂ ಹಗೆ. ಹಲ್ಲಿನ ವೈದ್ಯರಿಗೂ ಹೇಳಿಯೇ ಕುರ್ಚಿ ಹತ್ತಬೇಕು. ಅದರ ಬಳಗದ ಸೆಲೆಜಿಲಿನನ್ನು ಸಂಜೆ ನುಂಗಿದರೆ ನಿದ್ದೆ ಹತ್ತುವುದಿಲ್ಲ. ಎಂಟಕಪೋನ್ ಲೆವೊಡೋಪಾದ ಬಲವನ್ನು ಇನ್ನಷ್ಟು ಹೊತ್ತು ಹಿಡಿದಿಡುತ್ತದೆ; ಮೂತ್ರ ಕೆಂಗಂದಾದರೆ ರಕ್ತವೆಂದು ಹೆದರಬೇಕಾಗಿಲ್ಲ, ಭೇದಿ ಹೆಚ್ಚಾದರೆ ಮಾತ್ರ ಹೇಳಬೇಕು. ಅಮಂಟಡೀನ್ ಹುಟ್ಟಿದ್ದು ಫ್ಲೂ ಜ್ವರಕ್ಕೆ. 1968ರಲ್ಲಿ ಅದನ್ನು ಜ್ವರಕ್ಕೆಂದು ನುಂಗಿದ ಪಾರ್ಕಿನ್‌ಸನ್ ರೋಗಿಯೊಬ್ಬಳಿಗೆ ನಡುಕವೂ ಬಿಗಿತವೂ ಇಳಿದದ್ದರಿಂದ ಇದರ ಗುಣ ತಿಳಿಯಿತು. ಮೈ ಹೊಯ್ದಾಟಕ್ಕೆ ಒಳ್ಳೆಯದು. ತೊಡೆಯ ಚರ್ಮದ ಮೇಲೆ ಬಲೆಯಂತೆ ನೇರಳೆ ಗೆರೆ ಮೂಡಿಸುತ್ತದೆ, ಕೆಲವರಿಗೆ ಭ್ರಮೆ ಹಿಡಿಸುತ್ತದೆ.

ಆ ದಿನ ಹೊರಡುವಾಗ ವೈದ್ಯೆ ಒಂದು ಮಾತು ಹೇಳಿದರು: "ಮಾಸ್ತರರನ್ನು ಇನ್ನೊಬ್ಬರ ಜೊತೆ ಹೋಲಿಸಬೇಡಿ. ಅವರ ಹತ್ತು ಗಂಟೆಯನ್ನು ಅವರದೇ ಹನ್ನೆರಡು ಗಂಟೆಯ ಜೊತೆ ಹೋಲಿಸಿ ಬರೆದು ತನ್ನಿ." ನಮ್ಮ ಮನೆಯವರು ಅಂದೇ ಒಂದು ಉದ್ದನೆಯ ವಹಿ ತಂದು ಗೆರೆ ಎಳೆದರು. ಗಂಟೆ, ಗುಳಿಗೆ, ಊಟ, ಸ್ಥಿತಿ, ಷರಾ. ಸ್ಥಿತಿಯ ಕಾಲಮಿಗೆ ಶಬ್ದ ಕೊಟ್ಟವರು ತಂದೆಯವರೇ. ಮೈ ಬಿಗಿದಿದ್ದರೆ "ಗಾಡಿ ನಿಂತೈತಿ", ಸರಿಯಿದ್ದರೆ "ಗಾಡಿ ಹೊಂಟೈತಿ", ಮೈ ತಾನಾಗಿ ಆಡಿದರೆ "ಗಾಡಿ ಬಾಳ ಓಡಾಕತ್ತೈತಿ".

ಎರಡು ವಾರಕ್ಕೆ ವಹಿ ಮಾತಾಡತೊಡಗಿತು. ಮಧ್ಯಾಹ್ನದ ಗುಳಿಗೆಯನ್ನು ಊಟದ ಜೊತೆ ತೆಗೆದುಕೊಂಡ ದಿನ, ಅದರಲ್ಲಿಯೂ ಬೇಳೆ, ಮೊಸರು, ಕಾಳುಪಲ್ಲೆ ಹೆಚ್ಚಿದ್ದ ದಿನ, ಗಾಡಿ ಹೊರಡುತ್ತಲೇ ಇರಲಿಲ್ಲ. ಬೇಳೆಯ ಸತ್ವವೂ ಲೆವೊಡೋಪಾವೂ ಒಳಹೋಗಲು ಒಂದೇ ಕಿಟಕಿಯ ಮುಂದೆ ಸಾಲು ನಿಲ್ಲಬೇಕಂತೆ. ಗುಳಿಗೆಯನ್ನು ಊಟಕ್ಕೆ ಅರ್ಧ ಗಂಟೆ ಮುಂಚೆ ಸರಿಸಿದೆವು. ತಾಯಿಯವರ ಕಬ್ಬಿಣದ ಗುಳಿಗೆಯ ಮಹಿಮೆ ಕೇಳಿ ತಂದೆಯವರೂ ನುಂಗುತ್ತಿದ್ದುದನ್ನು, ಅದೂ ಲೆವೊಡೋಪಾವನ್ನು ಹಿಡಿದು ಕಟ್ಟಿಹಾಕುತ್ತದೆಂದು ತಿಳಿದ ಮೇಲೆ, ನಿಲ್ಲಿಸಿದೆವು. ಇನ್ನೊಂದು: ಬೆಳಗಿನ ಗುಳಿಗೆಯಾಗಿ ಒಂದೂವರೆ ಗಂಟೆಗೆ ತಲೆ ತೂಗುವುದನ್ನು ನಾವು ಕಾಯಿಲೆ ಏರಿತೆಂದು ತಿಳಿದಿದ್ದೆವು. ಕಾಯಿಲೆಯ ನಡುಕಕ್ಕೆ ತಾಳವುಂಟು, ಕೂತಾಗ ಬರುತ್ತದೆ. ಔಷಧಿ ಹೆಚ್ಚಾದ ಹೊಯ್ದಾಟ ನೀರೊಳಗಿನ ಪಾಚಿಯಂತೆ, ತಾಳವಿಲ್ಲ. ಒಂದಕ್ಕೆ ಗುಳಿಗೆ ಕಡಿಮೆಯಾಗಿದೆ, ಇನ್ನೊಂದಕ್ಕೆ ಹೆಚ್ಚಾಗಿದೆ. ಎರಡನ್ನೂ "ನಡುಗುತ್ತಾರೆ" ಎಂದು ಒಂದೇ ಮಾತಿನಲ್ಲಿ ಹೇಳಿದರೆ ವೈದ್ಯರಾದರೂ ಏನು ಮಾಡಬೇಕು? ವಹಿ ನೋಡಿ ವೈದ್ಯೆ ಬೆಳಗಿನದನ್ನು ಕಡಿಮೆ ಮಾಡಿ, ಮೂರರ ಬದಲು ನಾಲ್ಕು ಹೊತ್ತು ಮಾಡಿದರು: ಏಳು, ಹನ್ನೊಂದು, ಮೂರು, ಏಳು.

ವಹಿಯಲ್ಲಿ ಒಂದು ವಾರ ಮಾತ್ರ ಒಗಟಾಗಿತ್ತು. ಗುಳಿಗೆ ಅಷ್ಟೇ, ಊಟ ಅಷ್ಟೇ. ಆದರೂ ಗಾಡಿ ಹಗಲೆಲ್ಲ "ಬಾಳ ಓಡಾಕತ್ತೈತಿ", ರಾತ್ರಿ ಗೋಡೆಯ ಮೇಲೆ ಬೆಕ್ಕು ಕಾಣುವುದು. ಕೊನೆಗೆ ಊರಿನಿಂದ ಸೋದರತ್ತೆ ಕಳಿಸಿದ ಪುಡಿ ಹೊರಬಿತ್ತು, ನಸುಗುನ್ನಿ ಬೀಜದ್ದು. ಬೇಲಿಯಲ್ಲಿ ಬೆಳೆಯುವ ಆ ಕಾಯಿಯ ಜುಂಜನ್ನು ಮೈಗೆ ತಾಗಿಸಿಕೊಂಡು ತುರಿಸಿಕೊಳ್ಳದ ಹುಡುಗರು ನಮ್ಮ ಕಡೆ ಯಾರೂ ಇಲ್ಲ. ಆಯುರ್ವೇದದಲ್ಲಿ ಇದೇ ಕಪಿಕಚ್ಛು. 1937ರಲ್ಲಿ ಮದರಾಸು ವಿಶ್ವವಿದ್ಯಾಲಯದ ದಾಮೋದರನ್ ಮತ್ತು ರಾಮಸ್ವಾಮಿ ಎಂಬಿಬ್ಬರು ಈ ಬೀಜದಿಂದಲೇ ಲೆವೊಡೋಪಾವನ್ನು ಬೇರ್ಪಡಿಸಿದ್ದರು. ಬೀಜದಲ್ಲಿ ಅದು ಶೇ. 3ರಿಂದ 6ರವರೆಗೂ ಇರಬಹುದು. ಗುಮಾಸ್ತರ ಲೆಕ್ಕ ಹಾಕಿದೆವು: ಐದು ಗ್ರಾಮಿನ ಒಂದು ಚಮಚಕ್ಕೆ 150ರಿಂದ 300 ಮಿಲಿಗ್ರಾಂ. ಅಂದರೆ ಯಾರಿಗೂ ತಿಳಿಯದೆ ಒಂದೂವರೆಯಿಂದ ಮೂರು ಗುಳಿಗೆ, ಅದೂ ಕಾವಲಿನವನಿಲ್ಲದೆ! ಅತ್ತೆಯ ಪುಡಿ ಸುಳ್ಳಲ್ಲ. ಗುಳಿಗೆಯ ಲೆಕ್ಕಕ್ಕೆ ಹತ್ತದೆ ಒಳಗೆ ಬಂದದ್ದು ತಪ್ಪು. ಗಿಡಮೂಲಿಕೆ ತೆಗೆದುಕೊಳ್ಳುವವರು ಅದನ್ನೂ ವೈದ್ಯರ ಮುಂದೆ ಇಡಬೇಕು.

2024ರ ನವೆಂಬರಿನಲ್ಲಿ ಮತ್ತೆ ಜೀವಂತ ಪ್ರಮಾಣಪತ್ರದ ಸರದಿ ಬಂತು. ವಹಿ ತೆಗೆದು ನೋಡಿದೆವು. ಬೆಳಿಗ್ಗೆ ಏಳರ ಗುಳಿಗೆಯ ಮೇಲೆ ಎಂಟೂವರೆಯಿಂದ ಹತ್ತೂವರೆವರೆಗೆ ಸಾಲಾಗಿ "ಗಾಡಿ ಹೊಂಟೈತಿ" ಎಂದೇ ಇತ್ತು. ಅರ್ಧ ದಿನ ರಜೆ ಹಾಕಿ, ಬ್ಯಾಂಕಿನ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ನಿಂತೆವು. ತಂದೆಯವರು ಪೆನ್ನು ಹಿಡಿದು, ಮಕ್ಕಳಿಗೆ ಶುದ್ಧ ಬರಹ ಕಲಿಸುವಾಗ ಮಾಡುತ್ತಿದ್ದಂತೆ ಕಾಗದದ ಮೇಲೆ ಕಾಣದ ಎರಡು ಗೆರೆಗಳನ್ನು ಕಣ್ಣಿನಲ್ಲೇ ಎಳೆದುಕೊಂಡು, ಒಂದೊಂದೇ ಅಕ್ಷರ ಬರೆದರು. ಕೊನೆಯ ಅಕ್ಷರ ಈ ಸಲವೂ ಮೊದಲಿನದಕ್ಕಿಂತ ಸಣ್ಣದೇ. ಆದರೆ ಸಾಸಿವೆಯಷ್ಟಲ್ಲ, ಹೆಸರುಕಾಳಿನಷ್ಟು. ಹುಡುಗ ಹಳೆಯ ಸಹಿಯ ಪಕ್ಕದಲ್ಲಿಟ್ಟು ನೋಡಿ ಮುದ್ರೆ ಒತ್ತಿದ. ತಂದೆಯವರು ಗೋಡೆಯ ಗಡಿಯಾರದ ಕಡೆ ನೋಡಿ, "ಲಗೂ ನಡಿ ತಮ್ಮಾ, ಹನ್ನೊಂದರ ಗುಳಿಗಿ ಐತಿ" ಎಂದರು.